ಮೆರೆಡಿತ್ ಮಂಕ್: ಪದವಿಲ್ಲದ ಹಾಡಿನ ಶಿಸ್ತು

ಮೆರೆಡಿತ್ ಮಂಕ್ ಅವರ ಹಾಡಿನಲ್ಲಿ ಪದ ಸಿಗುವುದೇ ಅಪರೂಪ. ಗುನುಗು, ಕೇಕೆ, ಬಿಕ್ಕು, ತಡೆದ ಉಸಿರು ಇವಿಷ್ಟನ್ನೇ ನೆಚ್ಚಿಕೊಂಡು ಈ ಅಮೆರಿಕನ್ ಸಂಯೋಜಕಿ ದಶಕಗಳಿಂದ ಗೀತೆ, ರಂಗಕೃತಿ, ಸಿನಿಮಾ, ಒಪೆರಾಗಳನ್ನು ಕಟ್ಟುತ್ತ ಬಂದಿದ್ದಾರೆ. ಇದನ್ನು ‘ಆದಿಮ ದನಿ’ ಎಂದು ಹೊಗಳುವವರಿದ್ದಾರೆ. ಆ ಹೊಗಳಿಕೆಯಲ್ಲಿ ಅವರ ಕಸುಬೇ ಮರೆಯಾಗುತ್ತದೆ.

ಮಂಕ್ ಹುಟ್ಟಿದ್ದು 1942ರಲ್ಲಿ, ನ್ಯೂಯಾರ್ಕಿನಲ್ಲಿ, ಹಾಡುವವರ ಮನೆಯಲ್ಲಿ. ತಾಯಿ ರೇಡಿಯೊ ಜಾಹೀರಾತುಗಳ ಗಾಯಕಿ. ತಾಯಿಯ ತಂದೆಯೂ ಗಾಯಕರು. ಮಗುವಿನ ಎರಡು ಕಣ್ಣುಗಳ ನೋಟ ಕೂಡಿಬರುತ್ತಿರಲಿಲ್ಲವಾದ್ದರಿಂದ, ಲಯವನ್ನು ಮೈಚಲನೆಯ ಮೂಲಕ ಕಲಿಸುವ ಡಾಲ್‌ಕ್ರೋಜ್ ತರಗತಿಗೆ ತಾಯಿ ಸೇರಿಸಿದರು. ಮಂಕ್ ಕೃತಿಗಳಲ್ಲಿ ಗಂಟಲೂ ಮೈಯೂ ಒಂದೇ ವಾದ್ಯವಾಗಿರುವುದಕ್ಕೆ ಬುನಾದಿ ಇಲ್ಲಿದೆ. 1969ರ ‘ಜ್ಯೂಸ್’ ಕೃತಿಗೆ ಗುಗ್ಗನ್‌ಹೈಮ್ ಮ್ಯೂಸಿಯಮ್ಮಿನ ಸುರುಳಿ ಇಳಿಜಾರೇ ರಂಗವಾಯಿತು.

ಅವರ ಸಾಧನೆಯನ್ನು ಅಳೆಯಲು 1981ರ ‘ಡಾಲ್ಮೆನ್ ಮ್ಯೂಸಿಕ್’ ಆಲ್ಬಂ ಒಂದೇ ಸಾಕು. ಶೀರ್ಷಿಕೆಯ ಕೃತಿಗೆ ಆರು ಕಂಠ, ಒಂದು ಚೆಲ್ಲೊ, ಒಂದಿಷ್ಟು ತಾಳವಾದ್ಯ. ಪುಟ್ಟ ಸ್ವರಗುಚ್ಛವೊಂದು ಕಂಠದಿಂದ ಕಂಠಕ್ಕೆ ದಾಟುತ್ತದೆ, ಬಣ್ಣ ಬದಲಿಸಿಕೊಂಡು ಮರಳುತ್ತದೆ. ನಮ್ಮ ಆಲಾಪದಲ್ಲೂ ಪದವಿಲ್ಲ, ನಿಜ. ಆದರೆ ಅಲ್ಲಿ ರಾಗದ ಜಾಡು ಗಾಯಕನಿಗೂ ರಸಿಕನಿಗೂ ಮೊದಲೇ ಗೊತ್ತಿರುತ್ತದೆ. ಮಂಕ್‌ಗೆ ಆ ಆಸರೆಯಿಲ್ಲ; ಪ್ರತಿ ಕೃತಿಯ ವ್ಯಾಕರಣವನ್ನೂ ಅವರು ಕೇಳುಗನ ಎದುರಿನಲ್ಲೇ ರೂಪಿಸಬೇಕು. ಮತ್ತೆ ಮತ್ತೆ ಬರುವ ಸ್ವರಗಳು ಮಾಡುವ ಕೆಲಸ ಅದೇ. ಮೊದಲ ಸಲ ವಿಚಿತ್ರವೆನಿಸಿದ್ದು ನಾಲ್ಕನೆಯ ಸಲಕ್ಕೆ ನಿಯಮವಾಗುತ್ತದೆ. ಆಮೇಲೆ ಅದನ್ನು ಮುರಿದಾಗ ಎದೆಗೆ ತಾಗುತ್ತದೆ. ಇದೇ ಆಲ್ಬಮ್ಮಿನ ‘ದಿ ಟೇಲ್’ನಲ್ಲಿ ಮುದುಕಿಯೊಬ್ಬಳು ತನ್ನಲ್ಲಿ ಇನ್ನೂ ಉಳಿದಿರುವುದನ್ನೆಲ್ಲ ಎಣಿಸುತ್ತಾಳೆ. ಪದಗಳು ಧೈರ್ಯ ಹೇಳುತ್ತವೆ, ನಡುವಿನ ನಗೆ ಭಯವನ್ನು ಬಿಟ್ಟುಕೊಡುತ್ತದೆ.

ಈಚಿನ ಕೃತಿಗಳಲ್ಲಿ ಈ ಬಿಗಿ ಸಡಿಲಿದೆ ಎಂಬುದು ನನ್ನ ತಕರಾರು. ಜೀವಕೋಶಗಳ ಸಹಬಾಳ್ವೆಯನ್ನು ಮಾದರಿಯಾಗಿಟ್ಟುಕೊಂಡು ಐವರು ಹೆಂಗಸರು ಹಾಡುವ 2018ರ ‘ಸೆಲ್ಯುಲರ್ ಸಾಂಗ್ಸ್’ ಕಿವಿಗೆ ಹಿತ. ಆದರೆ ಅಲ್ಲಿ ಸಾಮರಸ್ಯಕ್ಕೆ ಯಾರೂ ಬೆಲೆ ತೆರುವುದಿಲ್ಲ. ದನಿಗಳು ಒಂದಕ್ಕೊಂದು ಎದುರಾಗುವ ಮೊದಲೇ ಒಪ್ಪಿಬಿಟ್ಟಿರುತ್ತವೆ.

ಮಂಕ್ ತಮ್ಮ ರಚನೆಗಳನ್ನು ಬಹುಕಾಲ ಸ್ವರಲಿಪಿಗಿಂತ ಹೆಚ್ಚಾಗಿ ಬಾಯಿಪಾಠದಿಂದಲೇ ಕಲಿಸಿದವರು. ಅವರ ಕಂಠವಿಲ್ಲದೆ ಈ ಸಂಗೀತ ಉಳಿದೀತೆ ಎಂಬ ಅನುಮಾನ ಹಾಗಾಗಿ ಸಹಜ. 1991ರಲ್ಲಿ ಹ್ಯೂಸ್ಟನ್‌ನಲ್ಲಿ ಮೊದಲು ಪ್ರದರ್ಶನಗೊಂಡ ಒಪೆರಾ ‘ಅಟ್ಲಾಸ್’, ಟಿಬೆಟ್ಟಿಗೆ ಹೋದ ಅಲೆಕ್ಸಾಂಡ್ರಾ ಡೇವಿಡ್-ನೀಲ್ ಅವರ ಬದುಕಿನಿಂದ ಪ್ರೇರಣೆ ಪಡೆದದ್ದು. 2019ರಲ್ಲಿ ಯುವಲ್ ಶರೋನ್ ನಿರ್ದೇಶನದಲ್ಲಿ, ಹೊಸ ಗಾಯಕರೊಂದಿಗೆ, ಲಾಸ್ ಏಂಜಲೀಸ್ ಫಿಲ್‌ಹಾರ್ಮೊನಿಕ್ ಅದನ್ನು ಮತ್ತೆ ರಂಗಕ್ಕೆ ತಂದಿತು. ಬೇರೆ ಮೈಗಳು ಕಲಿತು ನಡೆಸಬಲ್ಲ ಸಂಗೀತ ಒಬ್ಬರ ಕಂಠದ ಪವಾಡವಾಗಿ ಉಳಿಯುವುದಿಲ್ಲ. ಮಂಕ್ ಅವರನ್ನು ಅಪರೂಪದ ಗಾಯಕಿಯೆಂದು ಮೆಚ್ಚಿ ಸುಮ್ಮನಾಗಬಾರದು. ನಮ್ಮ ಕಾಲದ ದೊಡ್ಡ ಸಂಯೋಜಕರ ಸಾಲಿನಲ್ಲಿಟ್ಟು ಕೇಳಬೇಕು.