ಮೇಷ್ಟ್ರ ಬಲಗಾಲು

ಲಾರಿ ಕ್ಯಾಬಿನ್ನಿಗೆ ಎಸಿ ಬಂದ ಕಥೆ ಬರೆಯುತ್ತೇನೆ ಅಂತ ಹೋದ ವಾರ ಮಾತು ಕೊಟ್ಟಿದ್ದೆ. ಬರೆದುಬಿಡೋಣ. ಈಗ ಹೊಸದಾಗಿ ತಯಾರಾಗುವ, ಮೂರೂವರೆ ಟನ್ನಿಗಿಂತ ಮೇಲಿನ ಲಾರಿಗಳ ಡ್ರೈವರ್ ಕ್ಯಾಬಿನ್ನಿಗೆ ಎಸಿ ಕಡ್ಡಾಯ. ಎಂಜಿನ್ ಬಾನೆಟ್ಟಿಗೆ ಮೊಣಕಾಲು ತಾಗಿಸಿಕೊಂಡು ಏಪ್ರಿಲ್ ತಿಂಗಳಲ್ಲಿ ಬಳ್ಳಾರಿ ದಾಟಿದವರು ಯಾರೂ ಇದಕ್ಕೆ ಅಡ್ಡ ಮಾತಾಡುವುದಿಲ್ಲ. ನನ್ನದು ಒಂದೇ ತಕರಾರು. ಗಾಜು ಏರಿಸಿ ಕೂತರೆ ಕ್ಲೀನರ್ ಬಾಡಿ ತಟ್ಟುವುದು ಕೇಳಿಸುವುದಿಲ್ಲ.

ಒಂದು ತಟ್ಟಿದರೆ ನಿಲ್ಲು, ಎರಡು ತಟ್ಟಿದರೆ ಹೋಗು. ‘ಬರ್ಲಿ, ಬರ್ಲಿ, ಲೆಫ್ಟ್ ಕಟ್ ಹೊಡಿ, ಇನ್ನೂ ಬರ್ಲಿ, ಹಾ ಹಾ ಹಾ, ಸಾಕು!’ ಕಲಾಸಿಪಾಳ್ಯದಲ್ಲಿ ಕ್ಲೀನರ್ ಆಗಿ ಲಾರಿ ಹತ್ತಿದಾಗ ನಾನು ಮೊದಲು ಕಲಿತ ಭಾಷೆ ಇದು. ಎರಡನೆಯದು ಟೈರಿನ ಭಾಷೆ. ಜೋಡಿ ಚಕ್ರದಲ್ಲಿ ಒಳಗಿನದು ಗಾಳಿ ಬಿಟ್ಟಿದ್ದರೆ ಹೊರಗಿನಿಂದ ಕಣ್ಣಿಗೆ ಬೀಳುವುದಿಲ್ಲ. ಜಾಕ್ ರಾಡಿನಲ್ಲಿ ಬಡಿದು ನೋಡಬೇಕು. ಗಾಳಿ ಇದ್ದರೆ ರಾಡು ಪುಟಿದು ಕೈಗೆ ವಾಪಸ್ ಬರುತ್ತದೆ, ಇಲ್ಲದಿದ್ದರೆ ದಬ್ ಅಂತ ಅಲ್ಲೇ ಕೂರುತ್ತದೆ. ಎರಡು ವರ್ಷ ಹೀಗೆ ಬಡಿದ ಮೇಲೆ ಒಂದು ರಾತ್ರಿ ನನ್ನ ಗುರುಗಳು, ಆ ಲಾರಿಯ ಡ್ರೈವರ್, ಸ್ಟೇರಿಂಗ್ ಕೊಟ್ಟರು. ಕೊಟ್ಟು, ಮುಖಕ್ಕೆ ಟವೆಲ್ ಹಾಕಿಕೊಂಡು ಪಕ್ಕದಲ್ಲಿ ಮಲಗಿಬಿಟ್ಟರು. ಬೆಳಗಿನ ಜಾವ ಟೀ ಕುಡಿಯುವಾಗ, ನಾನು ಎಲ್ಲೆಲ್ಲಿ ಗೇರು ಕಿರುಚಿಸಿದ್ದೆ ಅಂತ ಒಂದೊಂದಾಗಿ ಲೆಕ್ಕ ಒಪ್ಪಿಸಿದರು!

ಈಗ ಲಾರಿ ಕಲಿಸುವ ಮೇಷ್ಟ್ರು ನಾನು. ಅವರ ಕಡೆ ಬ್ರೇಕ್ ಪೆಡಲ್ ಇರಲಿಲ್ಲ, ನನ್ನ ಕಡೆ ಇದೆ. ಎಸಿ ವಿಷಯ ಇಲ್ಲಿಗೆ ಸಾಕು. ಈ ಪೆಡಲ್ಲಿನ ಹಳೇ ಜಗಳ ಒಂದು ಬಾಕಿ ಇದೆ.

ಡ್ರೈವಿಂಗ್ ಸ್ಕೂಲಿನ ಗಾಡಿಗೆ ಜೋಡಿ ಕಂಟ್ರೋಲ್ ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಇರಲಿ, ಬೇಕಾದದ್ದೇ. ಆದರೆ ಸದಾ ಅದರ ಮೇಲೆ ಕಾಲಿಟ್ಟುಕೊಂಡೇ ಕೂರಬೇಕು ಅಂತ ಯಾವ ನಿಯಮವೂ ಹೇಳಿಲ್ಲ. ಜಯನಗರದ ಕ್ರಾಸುಗಳಲ್ಲಿ ಬೆಳಗ್ಗೆ ಆರಕ್ಕೆ ನೋಡಿ: ಕಾರು ಕಲಿಸುವ ಮೇಷ್ಟ್ರ ಕೈಯಲ್ಲಿ ಫೋನು, ಬಲಗಾಲು ಬ್ರೇಕಿನ ಮೇಲೆ. ಹುಡುಗ ಸ್ಟೇರಿಂಗ್ ತಿರುಗಿಸುತ್ತಾನೆ, ಗಾಡಿ ನಿಲ್ಲಿಸುವವರು ಇವರು. ಡಿಎಲ್ ಬಂದು ಸ್ವಂತ ಕಾರು ತೆಗೆದ ದಿನ ಅವನಿಗೆ ಗೊತ್ತಾಗುತ್ತದೆ, ಇಷ್ಟು ದಿನ ತಾನು ಬ್ರೇಕನ್ನೇ ಹಾಕಿರಲಿಲ್ಲ ಅಂತ. ಹೀಗೆ ಕಲಿತವರೇ ಲೈಟ್ ಲೈಸೆನ್ಸಿಗೆ ಒಂದು ವರ್ಷ ತುಂಬಿಸಿಕೊಂಡು, ಹೆವಿ ಬೇಕು ಅಂತ ನಮ್ಮ ಹತ್ತಿರ ಬರುತ್ತಾರೆ. ಅವರ ತಪ್ಪಲ್ಲ.

ನನ್ನ ನೆಚ್ಚಿನ ಗ್ರಂಥ ಯಾವುದೆಂದು ವಾರ ವಾರ ಓದುವವರಿಗೆ ಗೊತ್ತು: ಅದೇ ನಿಯಮಗಳ 31ನೆಯದು, ಪಠ್ಯಕ್ರಮ. ‘ಎ’ಯಿಂದ ‘ಕೆ’ವರೆಗೆ ಹನ್ನೊಂದು ಭಾಗ. ಗಾಡಿಯ ಯಂತ್ರ, ರಿಪೇರಿ, ಬೆಂಕಿಯ ಅಪಾಯ, ಪ್ರಥಮ ಚಿಕಿತ್ಸೆ ಎಲ್ಲ ಇದೆ. ನನಗೆ ಪ್ರಿಯವಾದದ್ದು ‘ಜಿ’ ಭಾಗ. ಡ್ರೈವರನಾದವನು ರಸ್ತೆಯಲ್ಲಿ ಇತರರ ಜೊತೆ ಹೇಗೆ ಮರ್ಯಾದೆಯಿಂದ ನಡೆದುಕೊಳ್ಳಬೇಕು ಅನ್ನುವ ಪಾಠ ಅದು. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ನಿಂತು ಅದನ್ನು ಗಟ್ಟಿಯಾಗಿ ಓದಬೇಕೆಂದು ಎಷ್ಟೋ ಸಲ ಅನಿಸಿದೆ. ಇದೇ ನಿಯಮದ ಪ್ರಕಾರ ಸಾರಿಗೆ ವಾಹನ ಕಲಿಯುವವನಿಗೆ ಮೂವತ್ತು ದಿನದ ತರಬೇತಿ, ಕಡಿಮೆಯೆಂದರೂ ಹದಿನೈದು ಗಂಟೆ ಸ್ಟೇರಿಂಗ್. ದಿನಕ್ಕೆ ಅರ್ಧ ಗಂಟೆ ಆಯಿತು. ಅದೂ ಖಾಲಿ ಲಾರಿಯಲ್ಲಿ!

ಖಾಲಿ ಲಾರಿಯಷ್ಟು ಸುಳ್ಳುಬುರುಕ ಗಾಡಿ ಇನ್ನೊಂದಿಲ್ಲ. ಕರೆದ ಕಡೆ ಬರುತ್ತದೆ, ಎರಡನೇ ಗೇರಿನಲ್ಲೇ ಹೊರಡುತ್ತದೆ, ಬ್ರೇಕ್ ಮುಟ್ಟಿದರೆ ಹಿಂದಿನ ಚಕ್ರ ಕಚ್ಚಿಕೊಂಡು ನಿಲ್ಲುತ್ತದೆ. ಅದೇ ಲಾರಿಗೆ ಹತ್ತು ಟನ್ ಜಲ್ಲಿ ಹೇರಿ ಇಳಿಜಾರಿಗೆ ಬಿಡಿ. ಆಗ ಬ್ರೇಕಿಗಿಂತ ಮೊದಲು ಗೇರು ನೆನಪಾಗಬೇಕು. ಟ್ರೈನಿಂಗ್ ಲಾರಿಗೆ ಮರಳಿನ ಮೂಟೆಯಾದರೂ ಹಾಕಿ ಎಂದು ನಾನು ಹೇಳಿದಾಗಲೆಲ್ಲ ಡೀಸೆಲ್ ಲೆಕ್ಕ ಎದುರಿಗೆ ಬರುತ್ತದೆ. ಸಿಮ್ಯುಲೇಟರ್ ತರಿಸೋಣ ಅನ್ನುವವರೂ ಇದ್ದಾರೆ. ತರಿಸಲಿ. ಜಯನಗರದ ಮೂಲೆಯಲ್ಲಿ ಹಿಂಚಕ್ರ ಒಳಕ್ಕೆ ಎಳೆದುಕೊಂಡು ಫುಟ್‌ಪಾತ್ ಹತ್ತುವುದನ್ನು, ಮೇಲೆ ಮರದ ಕೊಂಬೆ ಬಾಡಿಯನ್ನು ಕೆರೆಯುವುದನ್ನು ಅದು ತೋರಿಸೀತು. ಬೆನ್ನಿಗೆ ಅನುಭವ ಆಗುವುದಿಲ್ಲ.

ಮೊನ್ನೆ ಸೋಮವಾರ ಒಬ್ಬ ಹುಡುಗ, ಇಷ್ಟು ದಿನ ಕ್ಯಾಬ್ ಓಡಿಸುತ್ತಿದ್ದವನು, ಕದಿರೇನಹಳ್ಳಿ ಅಂಡರ್‌ಪಾಸಿನಿಂದ ದೇವೇಗೌಡ ಪೆಟ್ರೋಲ್ ಬಂಕಿನ ಕಡೆಗೆ ನಮ್ಮ ಟ್ರೈನಿಂಗ್ ಲಾರಿ ಹತ್ತಿಸುತ್ತಿದ್ದ, ಪಕ್ಕದಲ್ಲಿ ನಾನು. ಮುಂದೆ ಹಾಲಿನ ಗಾಡಿ ನಿಂತಿತು. ಇವನೂ ನಿಲ್ಲಿಸಿ, ಹೊರಡುವಾಗ ಕ್ಲಚ್ ಒಂದೇ ಸಲ ಬಿಟ್ಟ. ಎಂಜಿನ್ ಆಫ್. ಗಾಬರಿಯಲ್ಲಿ ಕ್ಲಚ್ ಮತ್ತೆ ಪೂರ್ತಿ ಒತ್ತಿಬಿಟ್ಟ, ಲಾರಿ ಹಿಂದಕ್ಕೆ ಜಾರತೊಡಗಿತು. ಹಿಂದೆ ಒಂದು ಆಟೋ.

ನನ್ನ ಹಿಮ್ಮಡಿ ನೆಲದ ಮೇಲಿತ್ತು, ಮುಂಗಾಲು ಪೆಡಲ್ಲಿನಿಂದ ಎರಡು ಬೆರಳು ದೂರ. ಏರ್ ಬ್ರೇಕು ಒತ್ತಿದ ಮೇಲೆ ಹಿಡಿಯಲು ಅರೆಗಳಿಗೆ ಬೇಕು. ಆ ಅರೆಗಳಿಗೆಯನ್ನೂ ಲೆಕ್ಕಕ್ಕೆ ಹಿಡಿದೇ ಮೇಷ್ಟ್ರು ಕಾಯಬೇಕು. ಒಂದಡಿ ಜಾರಿತು. ಆಟೋದವನು ಹಾರ್ನ್ ಮೇಲಿಟ್ಟ ಕೈ ತೆಗೆಯಲಿಲ್ಲ. ಇನ್ನೂ ಅರ್ಧ ಅಡಿ. ಇನ್ನು ಒತ್ತಲೇಬೇಕು ಅಂದುಕೊಂಡೆ. ಅಷ್ಟರಲ್ಲಿ ನನ್ನ ಕಡೆಯ ಪೆಡಲ್ ತಾನಾಗಿ ಕೆಳಗಿಳಿಯಿತು. ಎರಡಕ್ಕೂ ಒಂದೇ ರಾಡು ತಾನೇ. ಲಾರಿ ಒಂದು ಸಲ ತೊನೆದು ನಿಂತಿತು.

ಹುಡುಗನ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು.

‘ಸಾರ್, ನೀವು ಒತ್ತಿದ್ರಾ?’

‘ಇಲ್ಲ ಕಣಪ್ಪ. ಹ್ಯಾಂಡ್ ಬ್ರೇಕ್ ಎಳಿ, ಮೊದಲನೇ ಗೇರ್ ಹಾಕು. ಹಿಂದಿನವನು ಇನ್ನೂ ಬೈತಾ ಇದಾನೆ.’