‘ಪೆಟ್ಟಿ’ ಎಂಬ ಇಂಗ್ಲಿಷು ಶಬ್ದ: ಅರ್ಥ, ಪ್ರಯೋಗ, ಅನುವಾದ

ಹಿರಿಮೆಯನ್ನು ಹೇಳುವ ಶಬ್ದಗಳಿಗೆ ವ್ಯಾಖ್ಯಾನಕಾರರು ಬೇಕಾದಷ್ಟು ಮಂದಿ ದೊರೆಯುತ್ತಾರೆ. ಕಿರಿಮೆಯನ್ನು ಹೇಳುವ ಶಬ್ದಗಳನ್ನು ವಿಚಾರಿಸುವವರು ವಿರಳ. ಇಂಗ್ಲಿಷು ಪಾಠದಲ್ಲಿ ‘ಪೆಟ್ಟಿ’ ಎಂಬ ವಿಶೇಷಣ ಬಂದಿತೆಂದರೆ ‘ಕ್ಷುಲ್ಲಕ’ ಎಂದು ಅರ್ಥ ಬರೆಯಿಸಿ ಮುಂದೆ ಸಾಗುವುದು ತರಗತಿಯ ವಾಡಿಕೆ. ‘ಟ್ರಿವಿಯಲ್’ ಬಂದರೂ ‘ಕ್ಷುಲ್ಲಕ’ವೇ, ‘ಪಾಲ್ಟ್ರಿ’ ಬಂದರೂ ‘ಕ್ಷುಲ್ಲಕ’ವೇ. ಒಂದೇ ಬೀಗದ ಕೈಯಿಂದ ಊರಿನ ಬಾಗಿಲುಗಳನ್ನೆಲ್ಲ ತೆರೆಯಹೊರಟಂತಾಯಿತು. ಈ ಶಬ್ದದ ಚರಿತ್ರೆಯನ್ನು ಬಿಡಿಸಿ ನೋಡಿದರೆ ಅನುವಾದಕರಿಗೆ ಮಾತ್ರವಲ್ಲ, ಎಳೆಯ ಮಕ್ಕಳಿಗೆ ಅಕ್ಷರ ಕಲಿಸುವ ಉಪಾಧ್ಯಾಯ ಬಂಧುಗಳಿಗೂ ಒಂದು ತಥ್ಯ ಕಂಡೀತೆಂಬುದು ಪ್ರಸ್ತುತ ಲೇಖಕನ ನಂಬಿಕೆ.

ಮೂಲಾರ್ಥ

ಫ್ರೆಂಚಿನ ‘ಪೆತಿ’ ಎಂಬುದಕ್ಕೆ ‘ಚಿಕ್ಕದು’ ಎಂಬಷ್ಟೇ ಅರ್ಥ. ಇಂಗ್ಲೆಂಡಿನಲ್ಲಿ ನ್ಯಾಯಾಲಯದ ಭಾಷೆ ಬಹುಕಾಲ ಫ್ರೆಂಚೇ ಆಗಿದ್ದಿತಷ್ಟೆ. 14ನೆಯ ಶತಮಾನದ ಕೊನೆಯ ವೇಳೆಗೆ ಈ ಮಾತು ಇಂಗ್ಲಿಷರ ಬಾಯಲ್ಲಿ ‘ಪೆಟ್ಟಿ’ಯಾಗಿ ನೆಲಸಿತು. ಆಗ ಅದರಲ್ಲಿ ನಿಂದೆಯ ವಾಸನೆಯಿರಲಿಲ್ಲ. ದೊಡ್ಡ ಜ್ಯೂರಿಗೆ ‘ಗ್ರ್ಯಾಂಡ್’, ಚಿಕ್ಕ ಜ್ಯೂರಿಗೆ ‘ಪೆಟ್ಟಿ’. ಮೇಲಂಗಿಯ ಒಳಗೆ ತೊಡುತ್ತಿದ್ದ ಚಿಕ್ಕ ಕೋಟು ‘ಪೆಟಿಕೋಟು’. ಮೊದಲಲ್ಲಿ ಅದನ್ನು ಗಂಡಸರೂ ತೊಡುತ್ತಿದ್ದರು. ನೌಕಾಪಡೆಯ ‘ಪೆಟ್ಟಿ ಆಫೀಸರ’ನನ್ನು ‘ಕ್ಷುಲ್ಲಕ ಅಧಿಕಾರಿ’ ಎಂದು ಅನುವಾದಿಸಿದರೆ ನಗೆಪಾಟಲಾದೀತು. ನಾವಿಕರ ಮೇಲೆ ಅಧಿಕಾರವುಳ್ಳ, ಅನುಭವದಿಂದ ಮೇಲೆ ಬಂದ ಕಿರಿಯ ಅಧಿಕಾರಿ ಅವನು.

ಕಾನೂನಿನ ಇತಿಹಾಸದಲ್ಲಿ ಇದಕ್ಕಿಂತ ತೀಕ್ಷ್ಣವಾದ ನಿದರ್ಶನವಿದೆ. ಇಂಗ್ಲೆಂಡಿನ 1351ರ ರಾಜದ್ರೋಹದ ಶಾಸನವು ಅರಸನ ವಿರುದ್ಧದ ಮಹಾದ್ರೋಹವನ್ನಲ್ಲದೆ ‘ಪೆಟ್ಟಿ ಟ್ರೀಸನ್’ ಎಂಬ ಕಿರಿದ್ರೋಹವನ್ನೂ ಹೇಳಿತು. ಹೆಂಡತಿ ಗಂಡನನ್ನು, ಸೇವಕನು ಯಜಮಾನನನ್ನು, ಪಾದ್ರಿಯು ತನ್ನ ಮೇಲಧಿಕಾರಿಯನ್ನು ಕೊಂದರೆ ಅದು ಕಿರಿದ್ರೋಹ. ಹೆಸರು ಕಿರಿದಾದರೂ ಸಾಮಾನ್ಯ ಕೊಲೆಗಿಂತ ಅದು ಘೋರವೆನಿಸಿತ್ತು. ಈ ಅಪರಾಧಕ್ಕೆ ಹೆಂಗಸರನ್ನು ಸುಡುವ ಶಿಕ್ಷೆ 1790ರವರೆಗೂ ಶಾಸನದಲ್ಲಿ ಉಳಿದಿತ್ತು. 1828ರಲ್ಲಿ ಈ ಅಪರಾಧವನ್ನೇ ಕಾನೂನಿನಿಂದ ತೆಗೆದುಹಾಕಿದರು. ಸುಡಿಸಿಕೊಂಡವಳ ಪಾಲಿಗೆ ಈ ‘ಪೆಟ್ಟಿ’ ಕ್ಷುಲ್ಲಕವಾಗಿದ್ದಿತೆ? ಇಲ್ಲಿ ಕಿರಿದು ಎಂಬುದು ಸ್ಥಾನವಾಚಕವೇ ಹೊರತು ಬೆಲೆವಾಚಕವಲ್ಲ.

ಬೆಲೆಯಿಲ್ಲದ್ದು ಎಂಬ ಅರ್ಥವೂ, ಸಣ್ಣ ಮನಸ್ಸಿನದು ಎಂಬ ಅರ್ಥವೂ 16ನೆಯ ಶತಮಾನದಲ್ಲಿ ಬೇರೂರಿದವು. ಹೀಗೆ ಒಂದೇ ಶಬ್ದದಲ್ಲಿ ಮೂರು ಮೆಟ್ಟಿಲುಗಳಾದವು: ಮೊದಲು ಗಾತ್ರ ಅಥವಾ ಸ್ಥಾನ, ಬಳಿಕ ಬೆಲೆ, ಕೊನೆಗೆ ಗುಣ. ಚಿಕ್ಕದಾದುದಕ್ಕೆ ಬೆಲೆಯಿಲ್ಲವೆಂದೂ, ಬೆಲೆಯಿಲ್ಲದುದು ನೀಚವೆಂದೂ ಲೋಕದ ತರ್ಕ ಇಳಿಯುತ್ತಾ ಹೋಯಿತು.

ಎಳೆಯರ ಶಾಲೆ

ಉಪಾಧ್ಯಾಯರು ಮುಖ್ಯವಾಗಿ ಗಮನಿಸಬೇಕಾದ ಸಂಗತಿ ಮುಂದಿನದು. 16, 17ನೆಯ ಶತಮಾನಗಳ ಇಂಗ್ಲೆಂಡಿನಲ್ಲಿ ಮಕ್ಕಳಿಗೆ ಅಕ್ಷರಮಾಲೆಯನ್ನೂ ಓದನ್ನೂ ಹೇಳಿಕೊಡುತ್ತಿದ್ದ ಶಾಲೆಯ ಹೆಸರೇ ‘ಪೆಟ್ಟಿ ಸ್ಕೂಲ್’. ಅಲ್ಲಿನ ಮಕ್ಕಳು ‘ಪೆಟ್ಟಿಗಳು’. ಇಲ್ಲಿ ಓದು ಕಲಿತ ಮೇಲೆ ಲ್ಯಾಟಿನ್ ವ್ಯಾಕರಣದ ಶಾಲೆ. ಮಕ್ಕಳು ಚಿಕ್ಕವರಾದುದರಿಂದ ಶಾಲೆ ‘ಪೆಟ್ಟಿ’ಯಾಯಿತು, ಶಬ್ದದ ಬೆಲೆ ಕುಸಿದಂತೆ ಅಲ್ಲಿ ಕಲಿಸುವವನ ಕೆಲಸವೂ ಹಗುರವೆನಿಸಿತು. 1660ರಲ್ಲಿ ಶಾಲಾಬೋಧನೆಯ ಕಲೆಯನ್ನು ಕುರಿತು ಗ್ರಂಥ ಬರೆದ ಚಾರ್ಲ್ಸ್ ಹೂಲ್ ಎಂಬ ಉಪಾಧ್ಯಾಯನು ಇದನ್ನು ಖಂಡಿಸಿದ. ವಿದ್ಯೆಯ ಮೂಲತತ್ತ್ವಗಳನ್ನು ಕಲಿಸುವ ಸ್ಥಾನ ಎಳೆಯರ ಶಾಲೆಯೇ ಆದುದರಿಂದ ಅಲ್ಲಿನ ಬೋಧಕರಿಗೆ ಹೆಚ್ಚಿನ ಪ್ರೋತ್ಸಾಹ ಸಲ್ಲಬೇಕು. ಹೊಟ್ಟೆಪಾಡಿಗೆ ಬೇರೆ ದಾರಿಯಿಲ್ಲದವರ ಆಸರೆಯಾಗಿ ಅದನ್ನು ಬಿಡಬಾರದು ಎಂಬುದು ಅವನ ವಾದ.

ಅವನಿಗಿಂತ ಮುಂಚೆ, ಲಂಡನ್ನಿನ ಮರ್ಚೆಂಟ್ ಟೇಲರ್ಸ್ ಶಾಲೆಯ ಮುಖ್ಯೋಪಾಧ್ಯಾಯನಾಗಿದ್ದ ರಿಚರ್ಡ್ ಮಲ್ಕಾಸ್ಟರ್ 1581ರ ತನ್ನ ಗ್ರಂಥದಲ್ಲಿ, ತಳಹದಿಯನ್ನು ಹಾಕುವ ಉಪಾಧ್ಯಾಯನೇ ಎಲ್ಲರಿಗಿಂತ ಸಮರ್ಥನಾಗಿರಬೇಕು, ಅವನಿಗೇ ಉತ್ತಮ ಸಂಬಳ ಸಲ್ಲಬೇಕು ಎಂದಿದ್ದ. ಮರುವರ್ಷ, ಅಂದರೆ 1582ರಲ್ಲಿ, ಪ್ರಾಥಮಿಕ ಶಿಕ್ಷಣವನ್ನು ಕುರಿತ ಗ್ರಂಥದಲ್ಲಿ ಅದೇ ಲೇಖಕನು ಲ್ಯಾಟಿನ್ನಿಗೆ ಗೌರವ ಸಲ್ಲಿಸುತ್ತಲೇ ತಾಯ್ನುಡಿಯಾದ ಇಂಗ್ಲಿಷಿನ ಪಕ್ಷ ವಹಿಸಿದ. ಎಳೆಯರ ಶಾಲೆಯನ್ನು ಕಾಪಾಡಹೊರಟವನೇ ತಾಯ್ನುಡಿಯನ್ನೂ ಕಾಪಾಡಹೊರಟದ್ದು ಆಕಸ್ಮಿಕವಲ್ಲ. ಆ ಶಾಲೆ ನಿಂತಿದ್ದುದೇ ತಾಯ್ನುಡಿಯ ಮೇಲೆ.

‘ಟ್ರಿವಿಯಲ್’ ಶಬ್ದವೂ ಇದೇ ಶಾಲೆಯ ಅಂಗಳದಲ್ಲಿ ನಡೆದುಬಂದಿದೆ. ಮೂರು ದಾರಿ ಕೂಡುವ ಸ್ಥಳ ಲ್ಯಾಟಿನ್ನಿನಲ್ಲಿ ‘ಟ್ರಿವಿಯಂ’. ಮಧ್ಯಯುಗದಲ್ಲಿ ವ್ಯಾಕರಣ, ತರ್ಕ, ವಾಗ್ಮಿತೆ ಎಂಬ ಮೊದಲ ಮೂರು ವಿದ್ಯೆಗಳಿಗೆ ಅದೇ ಹೆಸರು. ಆಸ್ಟ್ರಿಯಾದಲ್ಲಿ ಮೇರಿಯಾ ಥೆರೇಸಾಳ 1774ರ ಶಾಲಾ ಶಾಸನದಂತೆ ಓದು, ಬರಹ, ಲೆಕ್ಕ ಕಲಿಸುವ ಪ್ರಾಥಮಿಕ ಶಾಲೆಗಳಿಗೆ ‘ಟ್ರಿವಿಯಲ್ ಶಾಲೆ’ಗಳೆಂದೇ ನಾಮಕರಣವಾಯಿತು. ಎರಡೂ ಶಬ್ದಗಳು ಮೊದಲ ಪಾಠದ ಹೆಸರಾಗಿದ್ದು ಅಗಣ್ಯವಾದುದರ ಹೆಸರಾಗಿ ನಿಂತಿವೆ. ಎಲ್ಲರೂ ಕಲಿತುದಕ್ಕೆ ಬೆಲೆಯಿಲ್ಲ ಎಂಬುದು ಮನುಷ್ಯ ಸ್ವಭಾವವಿರಬೇಕು.

ಷೇಕ್ಸ್‌ಪಿಯರನ ಎರಡು ಪ್ರಯೋಗಗಳು

‘ಜೂಲಿಯಸ್ ಸೀಸರ್’ ನಾಟಕದ ಮೊದಲನೆಯ ಅಂಕದಲ್ಲಿ ಕ್ಯಾಸಿಯಸ್ಸನು ಬ್ರೂಟಸ್ಸನನ್ನು ಕೆರಳಿಸಲು ಸೀಸರನನ್ನು ಮಹಾವಿಗ್ರಹಕ್ಕೆ ಹೋಲಿಸಿ, ಅದರ ಕಾಲುಗಳ ನಡುವೆ ತೂರಿ ನಡೆಯುವ ಉಳಿದವರನ್ನು ‘ಪೆಟ್ಟಿ’ ಮನುಷ್ಯರೆನ್ನುತ್ತಾನೆ. ಇಲ್ಲಿ ಗಾತ್ರದ ಅರ್ಥ ಜೀವಂತವಾಗಿದೆ. ಅದರ ಬೆನ್ನಿಗೇ ಅವಮಾನವೂ ಇದೆ. ಮಾತನಾಡುವವನು ತನ್ನನ್ನೂ ಸೇರಿಸಿಕೊಂಡೇ ಆಡಿದ ಮಾತಾದುದರಿಂದ ‘ಕ್ಷುದ್ರ’ವೆಂದರೆ ಹೆಚ್ಚಾಯಿತು, ‘ಚಿಕ್ಕ’ವೆಂದರೆ ಕಡಿಮೆಯಾಯಿತು. ‘ಹುಲುಮಾನವರು’ ಎಂದರೆ ಎರಡೂ ಸಾಧಿಸೀತು. ಹುಲ್ಲಿನ ನೆಲಮಟ್ಟವೂ ಅಲ್ಲಿದೆ, ಅಸಡ್ಡೆಯೂ ಇದೆ.

‘ಮ್ಯಾಕ್‌ಬೆತ್’ ನಾಟಕದ ಐದನೆಯ ಅಂಕದಲ್ಲಿ ರಾಣಿಯ ಮರಣವಾರ್ತೆಯನ್ನು ಕೇಳಿದ ಅರಸನು, ನಾಳೆಗಳ ಸಾಲು ದಿನದಿನವೂ ತೆವಳುತ್ತ ಬರುವ ನಡೆಗೆ ಇದೇ ವಿಶೇಷಣವನ್ನು ಕೊಡುತ್ತಾನೆ. ಇಲ್ಲಿ ‘ಕ್ಷುಲ್ಲಕ ನಡೆ’ ಎಂದರೆ ಕಾವ್ಯ ಸತ್ತುಹೋಗುತ್ತದೆ. ಕಾಲದ ಹೆಜ್ಜೆ ಕಿರಿದು; ಕಿರಿದಾದುದರಿಂದಲೇ ಅದು ಮುಗಿಯದು. ಕ್ಯಾಸಿಯಸ್ಸನ ಮಾತಿನಲ್ಲಿ ಕಿರಿದು ಎಂಬುದು ಮನುಷ್ಯನನ್ನು ಕುಗ್ಗಿಸುತ್ತದೆ. ಇಲ್ಲಿ ಅದು ದುಃಖವನ್ನು ಉದ್ದವಾಗಿಸುತ್ತದೆ. ‘ಕಿರುಹೆಜ್ಜೆ’ ಎಂಬ ಸರಳ ಶಬ್ದವೇ ಇಲ್ಲಿ ಸಾಕು. ನಿಘಂಟು ಎರಡೂ ಕಡೆಗೆ ಒಂದೇ ಅರ್ಥ ಕೊಟ್ಟರೂ ಅನುವಾದಕನು ಒಂದೇ ಪದ ಕೊಡಲಾಗದು.

ಕನ್ನಡದ ಕಿರಿಮೆವಾಚಕಗಳು

ನಮ್ಮ ಶಬ್ದಗಳು ಇದೇ ಮೆಟ್ಟಿಲುಗಳನ್ನು ಇಳಿದಿವೆಯೆಂಬುದು ಸೋಜಿಗ. ‘ಕ್ಷುಲ್ಲಕ’ವನ್ನೇ ತೆಗೆದುಕೊಳ್ಳೋಣ. ದಿಗಂಬರ ಜೈನ ಸಂಪ್ರದಾಯದಲ್ಲಿ ಮುನಿಪದವಿಯ ಹಾದಿಯಲ್ಲಿರುವ, ಇನ್ನೂ ವಸ್ತ್ರವನ್ನು ಪೂರ್ತಿ ತ್ಯಜಿಸದ ವ್ರತಧಾರಿ ‘ಕ್ಷುಲ್ಲಕ’; ಶ್ರಾವಕರು ಕೈಮುಗಿಯುವ ಪೂಜ್ಯ. ಅದೇ ಮಾತು ಪತ್ರಿಕೆಗಳಲ್ಲಿ ‘ಕ್ಷುಲ್ಲಕ ಕಾರಣಕ್ಕೆ ಜಗಳ’ ಎಂದು ಕಾಣಿಸುತ್ತದೆ. ಮರಾಠಿಯಲ್ಲೂ ಈ ಅರ್ಥವುಂಟು. ಇಲ್ಲಿಯೂ ಮೊದಲ ಮೆಟ್ಟಿಲಿನವನ ಹೆಸರೇ ಅಗಣ್ಯತೆಯ ಹೆಸರಾಗಿದೆ. ‘ಕ್ಷುದ್ರ’ವು ಚಿಕ್ಕದು ಎಂಬಲ್ಲಿಂದ ಕೆಟ್ಟದು ಎಂಬವರೆಗೆ ಇಳಿಯಿತು, ಖಗೋಳಶಾಸ್ತ್ರದ ‘ಕ್ಷುದ್ರಗ್ರಹ’ದಲ್ಲಿ ಮಾತ್ರ ಮೂಲಾರ್ಥ ಶುದ್ಧವಾಗಿ ಉಳಿದಿದೆ. ‘ಚಿಲ್ಲರೆ’ ನಾಣ್ಯವಾಗಿದ್ದಾಗ ಎಲ್ಲರಿಗೂ ಬೇಕು, ಬುದ್ಧಿಯಾದಾಗ ಯಾರಿಗೂ ಬೇಡ. ‘ಕಿರುಕುಳ’ವೆಂದರೆ ಹಿಂದೆ ಅಲ್ಪವಾದುದು, ಈಗ ಕಾಟ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆಯವರು ದಿನವೂ ಕೇಳುವ ಮರಾಠಿಯ ‘ಕಿರಕೋಳ’ಕ್ಕೆ ಬಿಡಿ, ಚಿಲ್ಲರೆ, ಸಣ್ಣಪುಟ್ಟ ಎಂಬ ಅರ್ಥಗಳಿವೆ, ನಮ್ಮ ‘ಕಿರುಕುಳ’ದ ಪಕ್ಕದಲ್ಲಿಟ್ಟು ನೋಡಿದರೆ ನಂಟು ಕಾಣುತ್ತದೆ. ಗಡಿಯಾಚೆ ಹೋದ ಮಾತು ಹಳೆಯ ಅರ್ಥವನ್ನು ಜೋಪಾನ ಮಾಡಿದೆ, ಮನೆಯಲ್ಲುಳಿದದ್ದು ಬದಲಾಗಿದೆ.

ಆದುದರಿಂದ ‘ಪೆಟ್ಟಿ’ಗೆ ಸ್ಥಾನ ನೋಡಿ ಪದ ಹಾಕಬೇಕು. ಗಾತ್ರ, ದರ್ಜೆಗಳಲ್ಲಿ ಕಿರಿಯ, ಲಘು, ಚಿಲ್ಲರೆ. ಬೆಲೆಯಲ್ಲಿ ಕ್ಷುಲ್ಲಕ, ಅತ್ಯಲ್ಪ. ಗುಣದಲ್ಲಿ ಕ್ಷುದ್ರ, ಸಣ್ಣಬುದ್ಧಿ. ಕಚೇರಿಯ ‘ಪೆಟ್ಟಿ ಕ್ಯಾಶ್’ ಚಿಲ್ಲರೆ ಖರ್ಚಿನ ಹಣ. ಸಾದಿಲ್ವಾರು ಎಂಬ ಹಳೆಯ ಮಾತು ಇದಕ್ಕೆ ಸಮೀಪ. ನ್ಯಾಯಾಲಯದ ‘ಪೆಟ್ಟಿ ಕೇಸು’ ಲಘು ಪ್ರಕರಣ. 1973ರ ದಂಡ ಪ್ರಕ್ರಿಯಾ ಸಂಹಿತೆ ಸಾವಿರ ರೂಪಾಯಿ ಮೀರದ ಜುಲ್ಮಾನೆ ಮಾತ್ರವುಳ್ಳ ಅಪರಾಧವನ್ನು ಹೀಗೆ ಕರೆದಿತ್ತು. 2024ರಲ್ಲಿ ಆ ಸಂಹಿತೆ ಹೋಗಿ ಹೊಸದು ಬಂದರೂ ಈ ವರ್ಗ ಉಳಿದಿದೆ.

ಧ್ವನಿಸಾಮ್ಯದ ಮೋಸದ ಬಗೆಗೂ ಒಂದು ಮಾತು. ‘ಪೆಟ್ಟಿ ಅಂಗಡಿ’ಯನ್ನು ಇಂಗ್ಲಿಷಿನ ‘ಪೆಟ್ಟಿ ಶಾಪ್’ ಎಂಬುದರ ಅರ್ಧಾನುವಾದವೆಂದು ಹಲವರು ತಿಳಿಯುತ್ತಾರೆ. ತಾಳವಾಡಿ, ಹೊಸೂರುಗಳಲ್ಲಿ ತಮಿಳರ ‘ಪೆಟ್ಟಿಕ್ಕಡೈ’, ಕಾಸರಗೋಡಿನಲ್ಲಿ ಮಲಯಾಳಿಗಳ ‘ಪೆಟ್ಟಿಕ್ಕಡ’ ಕೇಳಿದವರಿಗೆ ಇದು ಪೆಟ್ಟಿಗೆಯಂಥ ಅಂಗಡಿ ಎಂಬುದು ಹೊಳೆಯದಿರದು. ನಮ್ಮ ಗೂಡಂಗಡಿಯ ಸೋದರ. ಫ್ರೆಂಚಿನ ಶಬ್ದವೂ ದ್ರಾವಿಡದ ಪೆಟ್ಟಿಗೆಯೂ ಒಂದೇ ಹಲಗೆಯ ಮೇಲೆ ಸಂಧಿಸಿವೆ, ಅಷ್ಟೆ. ‘ಪುಟ್ಟ’ಕ್ಕೂ ಫ್ರೆಂಚಿನ ‘ಪೆತಿ’ಗೂ ನಂಟು ಹುಡುಕುವುದು ಅಂಥದೇ ವ್ಯರ್ಥ ಸಾಹಸ.

ಅಲ್ಪವೆಂಬ ಮಾತು

ಕೊನೆಯದಾಗಿ, ನಮಗೆ ಅಂಟಿಕೊಂಡಿರುವ ಒಂದು ಶಬ್ದ. ಗಡಿಯಾಚೆಯ ಕನ್ನಡಿಗರು ಸರ್ಕಾರಿ ಕಾಗದಗಳಲ್ಲಿ ‘ಭಾಷಾ ಅಲ್ಪಸಂಖ್ಯಾತರು’. ಅಲ್ಲಿ ‘ಅಲ್ಪ’ವೆಂಬುದು ಕೇವಲ ಎಣಿಕೆ. ಆದರೆ ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನೆಂಬ ಗಾದೆಯಲ್ಲಿ ಅದೇ ಮಾತು ಗುಣವಾಚಕ. ಎಣಿಕೆಯ ಅಲ್ಪತೆ ಬೆಲೆಯ ಅಲ್ಪತೆಗೆ, ಬೆಲೆಯದು ಗುಣದ ಅಲ್ಪತೆಗೆ ಇಳಿಯದಂತೆ ತಡೆಯುವುದು ಯಾರ ಹೊಣೆ? 1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸಾಕಷ್ಟು ಅನುಕೂಲ ಒದಗಿಸಲು ಯತ್ನಿಸಬೇಕೆಂದು ಪ್ರತಿಯೊಂದು ರಾಜ್ಯಕ್ಕೂ ಹೇಳುತ್ತದೆ. ವಿಧಿಯು ಕೈಹಿಡಿದಿರುವುದು ಇಂಗ್ಲಿಷರು ‘ಪೆಟ್ಟಿ’ ಎಂದ ಆ ಮೊದಲ ಹಂತವನ್ನೇ ಎಂಬುದನ್ನು ಗಮನಿಸಬೇಕು. ತರಗತಿಯಲ್ಲಿ ಹತ್ತೇ ಮಕ್ಕಳಿದ್ದರೆ ಎಣಿಕೆ ಅಲ್ಪ. ಕಲಿಸುವ ಕೆಲಸ ಅಲ್ಪವಲ್ಲ.

ನಮ್ಮ ಛಂದಸ್ಸು ಈ ವಿವೇಕವನ್ನು ಬಹು ಹಿಂದೆಯೇ ಬಲ್ಲದು. ಗುರುವಿಗೆ ಎರಡು ಮಾತ್ರೆ, ಲಘುವಿಗೆ ಒಂದು. ಲಘು ಕಿರಿದೆಂದು ಅದನ್ನು ತೆಗೆದುಹಾಕಿದರೆ ಪದ್ಯ ನಡೆಯದು. ಪ್ರಸ್ತಾರ ಹಾಕಿ ತೋರಿಸುವ ಉಪಾಧ್ಯಾಯನಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗದು.