ಒಂದೇ ಕಂದಕ, ಎರಡು ಪಟ್ಟಿ

ಫ್ರಾನ್ಸಿನ ಮಾಮೆಟ್ಸ್ ಹಳ್ಳಿಯ ಮಗ್ಗುಲಲ್ಲಿ ಮ್ಯಾನ್ಸೆಲ್ ಕಾಪ್ಸ್ ಎಂಬ ಸಣ್ಣ ತೋಪಿದೆ. ಇಂಗ್ಲೆಂಡಿನ ಡೆವನ್ ಕೌಂಟಿಯ ಹೆಸರು ಹೊತ್ತ ಡೆವನ್‌ಶೈರ್ ರೆಜಿಮೆಂಟಿನ ಸಮಾಧಿಸ್ಥಳ ಅಲ್ಲಿದೆ. ಒಟ್ಟು 163 ಸಮಾಧಿಗಳು. 1916ರ ಜುಲೈ 1ರಂದು, ಸೊಮ್ ಕದನದ ಮೊದಲ ದಿನ, ಬ್ರಿಟಿಷ್ ಸೇನೆಯಲ್ಲಿ 57,470 ಜನ ಸತ್ತರು, ಗಾಯಗೊಂಡರು ಅಥವಾ ಕಾಣೆಯಾದರು, ಸತ್ತವರೇ 19,240. ಆ ದಿನ ಈ ತೋಪಿನ ಇಳಿಜಾರಿನಲ್ಲಿ ಬಿದ್ದ ಡೆವನ್ ಸೈನಿಕರನ್ನು ಪಾದ್ರಿ ಅರ್ನೆಸ್ಟ್ ಕ್ರಾಸ್ ಆ ಸೈನಿಕರದೇ ಹಳೆಯ ಕಂದಕದಲ್ಲಿ ಸಾಲಾಗಿ ಮಲಗಿಸಿ ಮಣ್ಣು ಮುಚ್ಚಿಸಿದರು. ಈ ಕಂದಕವನ್ನು ಡೆವನ್‌ನವರು ಹಿಡಿದಿದ್ದರು, ಈಗಲೂ ಹಿಡಿದೇ ಇದ್ದಾರೆ ಎಂದು ಅಲ್ಲಿನ ಫಲಕ ಹೇಳುತ್ತದೆ.

ಹೋದವರೆಲ್ಲ ಎರಡೇ ಸಮಾಧಿಗಳನ್ನು ಹುಡುಕುತ್ತಾರೆ. ಒಂದು ಕ್ಯಾಪ್ಟನ್ ಡಂಕನ್ ಮಾರ್ಟಿನ್ ಅವರದು. ಚಿತ್ರಕಾರರಾಗಿದ್ದ ಮಾರ್ಟಿನ್ ಆ ನೆಲದ ಮಾದರಿಯನ್ನು ಕೈಯಾರೆ ಮಾಡಿ, ಮಾಮೆಟ್ಸ್ ಸ್ಮಶಾನದ ಕಡೆಯ ಮೆಷಿನ್‌ಗನ್ ತನ್ನ ಕಂಪನಿಯನ್ನು ಇಂಥ ಜಾಗದಲ್ಲೇ ಉರುಳಿಸುತ್ತದೆ ಎಂದು ಮೊದಲೇ ತೋರಿಸಿದ್ದರಂತೆ. ಅಲ್ಲೇ ಪ್ರಾಣ ಬಿಟ್ಟರು. ಇನ್ನೊಂದು ಲೆಫ್ಟಿನೆಂಟ್ ನೋಯೆಲ್ ಹಾಡ್ಜ್‌ಸನ್ ಅವರದು. ಬಿಷಪ್ಪರ ಮಗ, ವಯಸ್ಸು 23. ಎಡ್ವರ್ಡ್ ಮೆಲ್ಬರ್ನ್ ಎಂಬ ಕಾವ್ಯನಾಮದಲ್ಲಿ ಅವರು ಬರೆದ ‘ಬಿಫೋರ್ ಆ್ಯಕ್ಷನ್’ ಕವಿತೆ ಜೂನ್ 29ರಂದು ಅಚ್ಚಾಯಿತು. ಎರಡು ದಿನ ಕಳೆಯುವುದರಲ್ಲಿ ಕವಿ ಇಲ್ಲ.

ಎರಡೂ ಕಥೆಗಳು ಕರುಳು ಹಿಂಡುತ್ತವೆ. 1971ರಲ್ಲಿ ಮಾರ್ಟಿನ್ ಮಿಡಲ್‌ಬ್ರೂಕ್ ಸೊಮ್ ಕದನದ ಮೊದಲ ದಿನದ ಬಗ್ಗೆ ಬರೆದ ಪುಸ್ತಕದಿಂದೀಚೆಗೆ ಕ್ಯಾಪ್ಟನ್ ಮಾರ್ಟಿನ್ ಅವರ ಕಥೆಯಂತೂ ಮನೆಮಾತಾಗಿದೆ. ಆದರೆ ಅದೇ ಮೆಷಿನ್‌ಗನ್ನಿಗೆ ಎದೆಯೊಡ್ಡಿದ ಉಳಿದವರ ಬಗ್ಗೆ ಇಷ್ಟು ವಿವರ ಯಾಕಿಲ್ಲ? ಅಧಿಕಾರಿಯ ಹಿಂದೆ ಶಾಲೆಯಿತ್ತು, ಕಾಲೇಜಿತ್ತು, ಕಾಗದಪತ್ರ ಜೋಪಾನ ಮಾಡುವ ಮನೆಯಿತ್ತು. ಹಾಡ್ಜ್‌ಸನ್ ಬರಹಗಳು ಅವರು ತೀರಿಕೊಂಡ ಮೇಲೆ ಪುಸ್ತಕವಾದವು. ಕಾರ್ಖಾನೆಯ ಕೂಲಿಯಾಗಿದ್ದವನ ಪತ್ರಗಳನ್ನು ಅಚ್ಚು ಹಾಕಿಸುವವರು ಯಾರಿದ್ದರು?

ಈ ಪಕ್ಷಪಾತದ ಬೇರು ದಾಖಲೆಯ ಕ್ರಮದಲ್ಲೇ ಇದೆ. ರೆಜಿಮೆಂಟಿನ ಮಹಾಯುದ್ಧದ ಚರಿತ್ರೆಯನ್ನು 1926ರಲ್ಲಿ ಹೊರತಂದವರು ಆಕ್ಸ್‌ಫರ್ಡಿನ ಇತಿಹಾಸಕಾರ ಸಿ. ಟಿ. ಅಟ್ಕಿನ್‌ಸನ್. ಅವರು ಬಲು ಶ್ರದ್ಧೆಯ ವಿದ್ವಾಂಸರು; ರಾಯಲ್ ವೆಸ್ಟ್ ಕೆಂಟ್ ರೆಜಿಮೆಂಟಿನ ಚರಿತ್ರೆಯೂ, ಡೆವನ್‌ನವರು ಹೋರಾಡಿದ 7ನೇ ಡಿವಿಜನ್ನಿನ ಚರಿತ್ರೆಯೂ ಅವರವೇ. ಆದರೆ ಇಂಥ ಚರಿತ್ರೆಗಳಿಗೆಲ್ಲ ಮೂಲ ಬೆಟಾಲಿಯನ್‌ಗಳ ಯುದ್ಧ ದಿನಚರಿ. ಅದನ್ನು ಬರೆಯುತ್ತಿದ್ದವನು ಅಧಿಕಾರಿ. ಸತ್ತ ಅಧಿಕಾರಿಯನ್ನು ಅವನು ಹೆಸರು ಹಿಡಿದು ಬರೆಯುತ್ತಿದ್ದ. ಸಿಪಾಯಿಗಳನ್ನು ಒಟ್ಟು ಎಷ್ಟು ಎಂದು ಎಣಿಸಿ ಮುಗಿಸುತ್ತಿದ್ದ. ಎಷ್ಟೇ ಪ್ರಾಮಾಣಿಕ ಚರಿತ್ರೆಕಾರನಾದರೂ ಆ ಜಾಡು ಬಿಟ್ಟು ನಡೆಯುವುದು ಕಷ್ಟ.

ಯುದ್ಧ ಕಚೇರಿಯ ಪಟ್ಟಿಗಳೂ ಹಾಗೆಯೇ ಬೇರೆಬೇರೆ. ಮಡಿದ ಅಧಿಕಾರಿಗಳದು 1919ರಲ್ಲಿ ಒಂದೇ ಸಂಪುಟವಾಗಿ ಬಂತು. ಸಿಪಾಯಿಗಳದು 1921ರಲ್ಲಿ 80 ಭಾಗಗಳಾಗಿ. ವಿಮರ್ಶಕರು ಗಮನಿಸಬೇಕಾದದ್ದು ಇಲ್ಲೊಂದಿದೆ: ಸಿಪಾಯಿ ಎಲ್ಲಿ ಹುಟ್ಟಿದ, ಯಾವ ಊರಿನಲ್ಲಿ ಸೇನೆಗೆ ಸೇರಿದ ಎಂಬ ಮಾಹಿತಿ ಸಿಗುವುದು ಈ ಎರಡನೆಯ ಪಟ್ಟಿಯಲ್ಲಿ, ಅಧಿಕಾರಿಗಳ ಪಟ್ಟಿಯಲ್ಲಲ್ಲ. ಅದನ್ನು ಓದಿದರೆ ಡೆವನ್ ಎಂಬ ಹೆಸರಿನ ಒಳಗಿನ ಸತ್ಯ ಹೊರಬೀಳುತ್ತದೆ. ಯುದ್ಧ ಸಚಿವ ಕಿಚನರ್ ಕರೆಗೆ ಓಗೊಟ್ಟು 1914ರಲ್ಲಿ ಕಟ್ಟಿದ 9ನೇ ಬೆಟಾಲಿಯನ್ನಿನಲ್ಲಿ ಬರ್ಮಿಂಗ್‌ಹ್ಯಾಮಿನವರು, ಲಂಡನ್ನಿನವರು ಬೇಕಾದಷ್ಟು ಇದ್ದರು. ಒಂದೇ ಕೌಂಟಿಯ ಮಕ್ಕಳು ಜೊತೆಯಾಗಿ ಮಡಿದರು ಎಂಬ ಮಾತು ರೆಜಿಮೆಂಟಿನ ಅಭಿಮಾನಕ್ಕೆ ಹಿತವೇನೋ ಹೌದು, ಆ ಬರ್ಮಿಂಗ್‌ಹ್ಯಾಮ್ ಹುಡುಗರಿಗೆ ಮಾತ್ರ ಅನ್ಯಾಯ.

1918ರ ಮೇ 27ರ ಬ್ವಾ ದೆ ಬ್ಯೂಟ್ ಕಾಳಗವನ್ನೂ ರೆಜಿಮೆಂಟು ಕೊನೆಯ ಉಸಿರಿನವರೆಗಿನ ಹೋರಾಟವೆಂದೇ ನೆನೆಯುತ್ತದೆ. 2ನೇ ಬೆಟಾಲಿಯನ್ನಿನ ಕಮಾಂಡರ್ ಆ್ಯಂಡರ್ಸನ್-ಮಾರ್ಸ್‌ಹೆಡ್ ಅಲ್ಲಿ ಸತ್ತರು; ಫ್ರಾನ್ಸ್ ಇಡೀ ಬೆಟಾಲಿಯನ್ನಿಗೆ ಕ್ರಾ ದ ಗೆರ್ ಗೌರವ ಕೊಟ್ಟಿತು. ಗೌರವ ನ್ಯಾಯವಾದದ್ದೇ. ಆದರೆ ಅಂದು ಕಳೆದುಹೋದವರಲ್ಲಿ ಸೆರೆಸಿಕ್ಕು ಜರ್ಮನ್ ಶಿಬಿರಗಳಲ್ಲಿ ದಿನ ನೂಕಿದವರು ಅನೇಕರು. ಬದುಕಿ ಮರಳಿದವರ ಪಾಡಿಗೆ ವೀರಕಥನದಲ್ಲಿ ಜಾಗ ಸಿಕ್ಕಿದ್ದು ಕಡಿಮೆ.

ಭಾರತೀಯ ಓದುಗರಿಗೆ ಹೆಚ್ಚು ನಾಟುವ ಅಧ್ಯಾಯ ಬೇರೆ. 1914ರ ಕೊನೆಯಲ್ಲಿ ಭಾರತಕ್ಕೆ ಬಂದಿಳಿದ ಡೆವನ್ ಬೆಟಾಲಿಯನ್‌ಗಳಲ್ಲಿ 6ನೆಯದು ಮುಂದೆ ಮೆಸೊಪೊಟೇಮಿಯಾಕ್ಕೆ ಹೋಯಿತು. ಕುಟ್ ಪಟ್ಟಣದ ಮುತ್ತಿಗೆ ಬಿಡಿಸಲು 1916ರ ಮಾರ್ಚ್ 8ರಂದು ನಡೆದ ಡುಜೈಲಾ ಕಾಳಗದಲ್ಲಿ ಅದು ಭಾರತೀಯ ಪಡೆಗಳ ಜೊತೆ ಹೋರಾಡಿ ಸೋತಿತು. ಮೆಸೊಪೊಟೇಮಿಯಾದಲ್ಲಿ ಸತ್ತು ಸಮಾಧಿ ಗುರುತು ಸಿಗದವರಿಗಾಗಿ ಬಾಸ್ರಾದಲ್ಲಿ ಸ್ಮಾರಕ ಎದ್ದಿತು. ಬ್ರಿಟಿಷ್ ಸಿಪಾಯಿಯ ಹೆಸರು ಅಲ್ಲಿನ ಕಲ್ಲಿನ ಮೇಲಿದೆ. ಅವನ ಪಕ್ಕದಲ್ಲೇ ನಿಂತಿದ್ದ ಭಾರತೀಯ ಸಿಪಾಯಿಯದಿಲ್ಲ. ಭಾರತೀಯ ಅಧಿಕಾರಿಗಳಿಗೆ ಹೆಸರು ಸಿಕ್ಕಿತು. 33,000ಕ್ಕೂ ಹೆಚ್ಚು ಸಿಪಾಯಿಗಳಿಗೆ ಸಿಕ್ಕಿದ್ದು ಅವರವರ ಪಡೆಯ ಹೆಸರಿನ ಮುಂದೆ ಒಂದು ಸಂಖ್ಯೆ. ಅಧಿಕಾರಿಯಾಗಲಿ, ಸಿಪಾಯಿಯಾಗಲಿ, ಸಮಾಧಿಗೆ ಒಂದೇ ಬಗೆಯ ಕಲ್ಲು ಎಂದು ಯುದ್ಧ ಸಮಾಧಿ ಆಯೋಗಕ್ಕೆ ಫ್ರೆಡರಿಕ್ ಕೆನ್ಯನ್ ಕೊಟ್ಟ ವರದಿ 1918ರಲ್ಲೇ ಹೇಳಿತ್ತು. ಆ ಸಮಾನತೆ ಬಾಸ್ರಾ ಮುಟ್ಟುವ ಹೊತ್ತಿಗೆ ಬಣ್ಣ ನೋಡಿತು. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ ಈ ತಾರತಮ್ಯವನ್ನು ವರದಿಯಲ್ಲಿ ಒಪ್ಪಿ ಕ್ಷಮೆ ಕೇಳಿದ್ದು 2021ರಲ್ಲಿ.

ಹಾಗೆಂದು ಮಾರ್ಟಿನ್, ಹಾಡ್ಜ್‌ಸನ್ ಅವರ ಕಥೆಗಳನ್ನು ಕೈಬಿಡಬೇಕೆಂದಲ್ಲ. ಅವರಿಬ್ಬರೂ ತಮ್ಮ ಸಿಪಾಯಿಗಳ ಸಾಲಿನಲ್ಲೇ ಮಲಗಿದ್ದಾರೆ. ಕ್ರಾಸ್ ಮಣ್ಣು ಮುಚ್ಚಿಸಿದ ಆ ಕಂದಕ ಆಮೇಲೆ ಬಂದ ಬಹಳಷ್ಟು ಪುಸ್ತಕಗಳಿಗಿಂತ ನ್ಯಾಯವಾಗಿದೆ. ಇನ್ನು ಈ ರೆಜಿಮೆಂಟಿನ ಕಥೆ ಬರೆಯುವವರು ಯುದ್ಧ ದಿನಚರಿಯನ್ನು ಬದಿಗಿಟ್ಟು 1921ರ ಪಟ್ಟಿಯಿಂದ ಕೆಲಸ ಶುರು ಮಾಡಲಿ. ಡುಜೈಲಾದ ಪುಟಕ್ಕೆ ಬಂದಾಗ ಅಂದು ಜೊತೆಗಿದ್ದ ಭಾರತೀಯ ಪಡೆಗಳ ದಾಖಲೆಗಳನ್ನೂ ಬಿಚ್ಚಿ, ಸಿಕ್ಕ ಹೆಸರುಗಳನ್ನೆಲ್ಲ ಡೆವನ್ ಸಿಪಾಯಿಗಳ ಹೆಸರಿನ ಪಕ್ಕದಲ್ಲೇ ಅಚ್ಚು ಹಾಕಲಿ.